ಮೊದಲ ಓದಿಗೆ ತಕ್ಕ ಮಾತು

ವಿಮರ್ಶಕರ ಕಣ್ಣಿಗೆ ಬೀಳದೆ ಉಳಿದಿರುವ ಬರವಣಿಗೆಯ ಪ್ರಕಾರವೊಂದು ನಮ್ಮಲ್ಲಿದೆ. ಕಾವ್ಯ, ಕಾದಂಬರಿ, ನಾಟಕಗಳ ಗುಣದೋಷಗಳನ್ನು ವಾರವಾರವೂ ತೂಗಿನೋಡುವ ನಾವು, ಅಕ್ಷರ ಕಲಿಯಲು ಬಂದ ವಯಸ್ಕರ ಕೈಗೆ ಕೊಡುವ ಮೊದಲ ಪುಸ್ತಕವನ್ನು ಮಾತ್ರ ತೂಗುವುದಿಲ್ಲ. ಅದು ಸರ್ಕಾರದ ಕೆಲಸ, ಸಾಹಿತ್ಯವಲ್ಲ ಎಂಬ ಭಾವನೆ. ಆದರೆ ಮನುಷ್ಯನೊಬ್ಬ ತನ್ನ ಬಾಳಿನಲ್ಲಿ ಮೊಟ್ಟಮೊದಲು ಓದುವ ವಾಕ್ಯ ಯಾವುದಾಗಿರಬೇಕೆಂಬುದು ಸಾಹಿತ್ಯದ ಪ್ರಶ್ನೆಯಲ್ಲವಾದರೆ ಇನ್ನಾವುದರ ಪ್ರಶ್ನೆ? 2011ರ ಜನಗಣತಿಯಂತೆ ಕರ್ನಾಟಕದ ಸಾಕ್ಷರತೆ ನೂರಕ್ಕೆ 75.36; ಹೆಂಗಸರಲ್ಲಿ 68.08. ಏಳು ವರ್ಷ ತುಂಬಿದ ಹತ್ತು ಮಂದಿ ಹೆಂಗಸರಲ್ಲಿ ಮೂವರು ಆ ಮೊದಲ ವಾಕ್ಯವನ್ನು ಆಗಿನ್ನೂ ಓದಿರಲಿಲ್ಲ.

ನಮ್ಮ ಬೀದಿಯಲ್ಲಿ ಹೂ ಮಾರುವ ಹಿರಿಯ ಹೆಂಗಸೊಬ್ಬರು ಓದು ಕಲಿಸಬೇಕೆಂದು ಕೇಳಿ ಬಂದಾಗ, ಕೈಗೆ ಸಿಕ್ಕಿದ ಒಂದು ಪುಸ್ತಕವನ್ನು ತೆರೆದು ಕುಳಿತೆ. ರ, ಗ, ಸ, ದ, ಅ ಎಂದು ಪಾಠ ಆರಂಭ. ಕೆಳಗೆ ಅರಸ, ಅಗಸ, ಗರಗಸ. ನಾಲ್ಕು ಸಂಜೆ ತಾಳ್ಮೆಯಿಂದ ಓದಿದ ಆಕೆ ಐದನೆಯ ಸಂಜೆ, “ಇದು ನಮ್ಮ ಮೊಮ್ಮಗನ ಪುಸ್ತಕದಂಗೇ ಅದಲ್ಲಾ ಮೇಷ್ಟ್ರೇ” ಎಂದರು. ಆ ಪುಸ್ತಕಕ್ಕೆ ಇದಕ್ಕಿಂತ ಸರಿಯಾದ ವಿಮರ್ಶೆಯನ್ನು ನಾನು ಬರೆಯಲಾರೆ.

ದೋಷ ಅಕ್ಷರಗಳ ಕ್ರಮದಲ್ಲಿಲ್ಲ. ಆಕಾರದಲ್ಲಿ ಹತ್ತಿರವಾದ ಅಕ್ಷರಗಳನ್ನು ಒಟ್ಟಿಗೆ ಕಲಿಸುವುದರಿಂದ ಕೈ ಬೇಗ ಪಳಗುತ್ತದೆ. ದೋಷವಿರುವುದು ಮಾತಿನಲ್ಲಿ. ಹೂವಿನ ಬುಟ್ಟಿ ಹೊತ್ತು ಮೂವತ್ತು ವರ್ಷ ಸಂಸಾರ ನಡೆಸಿದಾಕೆಗೆ ಅರಸನೂ ಗರಗಸವೂ ಏಕೆ? ಪುಸ್ತಕದ ಕೊನೆಯ ಪುಟಗಳಲ್ಲಂತೂ ಸ್ವಚ್ಛತೆ, ಆರೋಗ್ಯ ಎಂದು ಒತ್ತಕ್ಷರಗಳ ಮೇಲೆ ಉಪದೇಶವನ್ನು ಹೇರಲಾಗಿದೆ. ಮೊದಲರ್ಧ ವಯಸ್ಕರನ್ನು ಮಕ್ಕಳೆಂದು ಭಾವಿಸಿದರೆ, ಉಳಿದರ್ಧ ಅವರನ್ನು ತಪ್ಪಿತಸ್ಥರೆಂದು ಭಾವಿಸುತ್ತದೆ.

ಹಾಗಾದರೆ ತಕ್ಕ ಸಾಮಗ್ರಿ ಎಲ್ಲಿದೆ? ಕಲಿಯಲು ಬಂದವರ ಬಾಯಲ್ಲೇ ಇದೆ. ‘ಕೈ ಕೆಸರಾದರೆ ಬಾಯಿ ಮೊಸರು’ ಎಂಬ ಗಾದೆಯನ್ನೇ ನೋಡೋಣ. ಹನ್ನೊಂದು ಅಕ್ಷರಗಳ ಈ ಮಾತಿನಲ್ಲಿ ಒತ್ತಕ್ಷರ ಒಂದೂ ಇಲ್ಲ. ಮೂಲ ವ್ಯಂಜನಗಳು ಏಳೇ: ಕ, ಸ, ರ, ದ, ಬ, ಯ, ಮ. ಇವುಗಳಲ್ಲಿ ಸ, ರ, ದ ಮೊದಲ ಪಾಠದಲ್ಲೇ ಪರಿಚಯವಾದವು. ರಕಾರ ರಾ, ರೆ, ರು ಎಂದು ಮೂರು ಬಗೆಯಾಗಿ, ಕಕಾರ ಕೈ, ಕೆ ಎಂದು ಎರಡು ಬಗೆಯಾಗಿ ಬಂದು ಕಾಗುಣಿತದ ಬಾಗಿಲನ್ನು ತೆರೆಯುತ್ತವೆ. ಕೆಸರು ಓದಿದವರಿಗೆ ಮೊಸರು ಅರ್ಧ ಬಂದಂತೆಯೇ. ಎಲ್ಲಕ್ಕಿಂತ ಮುಖ್ಯವಾಗಿ, ಮಾತು ಮೊದಲೇ ಕಂಠಸ್ಥವಾಗಿರುವುದರಿಂದ ಬೆರಳು ಅಕ್ಷರದಿಂದ ಅಕ್ಷರಕ್ಕೆ ಸರಿದಂತೆ ಯಾವ ಧ್ವನಿಗೆ ಯಾವ ರೂಪವೆಂಬುದನ್ನು ಕಲಿಯುವವರು ತಾವೇ ಕಂಡುಕೊಳ್ಳುತ್ತಾರೆ. ಒಂದೇ ಸಾಲು ಓದಿಗೂ ಆಯಿತು, ಬರಹಕ್ಕೂ ಆಯಿತು, ಚರ್ಚೆಗೂ ಆಯಿತು.

ಚರ್ಚೆಯೆಂಬುದು ಅಲಂಕಾರದ ಮಾತಲ್ಲ. ಬ್ರೆಜಿಲ್ ದೇಶದ ಪಾವ್ಲೊ ಫ್ರೇರೆ 1963ರಲ್ಲಿ ಆಂಜಿಕೊಸ್ ಎಂಬ ಊರಿನಲ್ಲಿ ಸುಮಾರು ಮುನ್ನೂರು ಮಂದಿ ದುಡಿಮೆಗಾರರಿಗೆ ನಲವತ್ತು ಗಂಟೆಗಳ ಪಾಠದಲ್ಲಿ ಓದುಬರಹ ಕಲಿಸಲು ಹೊರಟಾಗ, ಪದಗಳನ್ನು ಆರಿಸಿಕೊಂಡದ್ದು ಅವರ ಬದುಕಿನಿಂದಲೇ. ಆತನ ಪದ್ಧತಿಯಲ್ಲಿ ಹೆಸರಾದ ಒಂದು ಪದ ‘ತಿಜೋಲೊ’, ಅಂದರೆ ಇಟ್ಟಿಗೆ. ಅದನ್ನು ಬಿಡಿಸಿ ತ, ತೆ, ತಿ, ತೊ, ತು ಎಂದು ಬೆಳೆಸುವ ಕ್ರಮ ನಮ್ಮ ಕಾಗುಣಿತದ ಸೋದರನೆಂದೇ ಹೇಳಬಹುದು. ಇಟ್ಟಿಗೆಯನ್ನು ಓದಿದವರು, ಅದನ್ನು ಹೊರುವವನಿಗೆ ಮನೆಯಿಲ್ಲವೇಕೆಂದೂ ಮಾತನಾಡಬೇಕು ಎಂಬುದು ಆತನ ನಿಲುವು. 1964ರಲ್ಲಿ ಸೇನೆ ಅಧಿಕಾರ ಹಿಡಿದೊಡನೆ ಫ್ರೇರೆ ಸೆರೆಮನೆ ಸೇರಿ, ಬಳಿಕ ದೇಶವನ್ನೇ ಬಿಡಬೇಕಾಯಿತು.

ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ನೆರೆಯ ಆಂಧ್ರದ ನೆಲ್ಲೂರು ಜಿಲ್ಲೆಯಲ್ಲಿ ಸಾಕ್ಷರತಾ ಆಂದೋಲನದ ಪುಸ್ತಕವೊಂದರಲ್ಲಿ ಸೀತಮ್ಮನ ಕಥೆಯೆಂಬ ಪಾಠವಿತ್ತು. ಹೆಂಗಸರು ಒಂದಾಗಿ ಊರಿನ ಸಾರಾಯಿ ಅಂಗಡಿಯನ್ನು ಮುಚ್ಚಿಸಿದ ಕಥೆ. ಅದನ್ನು ಓದಿದ ಹಳ್ಳಿಗಳಲ್ಲಿ, ದೂಬಗುಂಟ ಮೊದಲಾದೆಡೆ, ಹೆಂಗಸರು ನಿಜವಾಗಿಯೇ ಅಂಗಡಿಗಳನ್ನು ಮುಚ್ಚಿಸಿದರು. 1992ರಲ್ಲಿ ಚಳವಳಿ ರಾಜ್ಯದಲ್ಲೆಲ್ಲ ಹಬ್ಬಿತು. 1993ರಲ್ಲಿ ಅಲ್ಲಿ ಸಾರಾಯಿ ನಿಷೇಧವಾಯಿತು. ಒಂದು ಪಾಠದಿಂದಲೇ ಇಷ್ಟೆಲ್ಲ ಆಯಿತೆನ್ನುವುದು ಅತಿಶಯೋಕ್ತಿ. ಆದರೂ ಕಲಿತವರ ನೋವಿಗೆ ಅದು ಮಾತು ಕೊಟ್ಟಿತೆಂಬುದರಲ್ಲಿ ಸಂದೇಹವಿಲ್ಲ.

ಗಾದೆಗಳೆಲ್ಲವೂ ಪಾಠಕ್ಕೆ ಯೋಗ್ಯವೆಂದು ಇದರಿಂದ ಭಾವಿಸಕೂಡದು. ಹೆಣ್ಣನ್ನು ಹಳಿಯುವ, ಜಾತಿಯನ್ನು ಹೀಗಳೆಯುವ ಗಾದೆಗಳು ನಮ್ಮಲ್ಲಿ ಧಾರಾಳವಾಗಿವೆ. ಅವುಗಳನ್ನು ಆರಿಸಿ ಬಿಡಲು ವಿವೇಕ ಬೇಕು. ಬಸ್ಸಿನ ಬೋರ್ಡು, ಪಡಿತರ ಚೀಟಿ, ಬ್ಯಾಂಕಿನ ಪುಸ್ತಕಗಳನ್ನೂ ಪಾಠಕ್ಕೆ ಸೇರಿಸಿಕೊಳ್ಳಬೇಕು. ಈ ಆಯ್ಕೆಯೇ ವಿಮರ್ಶಕನ ಕೆಲಸ. ಜಾನಪದದ ಮೇಲೆ ಪ್ರಬಂಧಗಳನ್ನು ಮಂಡಿಸುವ ನಾವು, ಕನ್ನಡ ಅಧ್ಯಾಪಕರು, ಅದನ್ನು ಕೊಟ್ಟವರಿಗೆ ಒಂದು ನೆಟ್ಟನೆಯ ಓದುಪುಸ್ತಕವನ್ನು ಹಿಂತಿರುಗಿ ಕೊಟ್ಟಿದ್ದೇವೆಯೆ? ಈ ಮಾತು ನನ್ನನ್ನೂ ಬಿಟ್ಟಿಲ್ಲ.

ಹೂವಿನವರು ಆ ಗಾದೆಯನ್ನು ಎರಡು ಸಂಜೆಗಳಲ್ಲಿ ಓದಿದರು. ಮೂರನೆಯ ಸಂಜೆ ಸ್ಲೇಟಿನ ಮೇಲೆ ಅದನ್ನು ತಾವೇ ಬರೆದು, ಸ್ವಲ್ಪ ಹೊತ್ತು ನೋಡಿ ಕೇಳಿದರು: “ಕೆಸರು ನಮ್ಮ ಕೈಯಿಂದು ಸರಿ ಮೇಷ್ಟ್ರೇ, ಮೊಸರು ಯಾರ ಬಾಯಿಗೆ?” ಅಂದಿನ ಪಾಠ ಅಲ್ಲಿಂದ ಮುಂದೆ ಹೋಗಲಿಲ್ಲ, ಅಲ್ಲಿಯೇ ಬಹಳ ಹೊತ್ತು ನಡೆಯಿತು.