ಹೆಸರಿಲ್ಲದ ಚಿತ್ರ: ಮೈಸೂರು ಪರಿಸರದ ಕಂಸಾಳೆ ಕಲಾವಿದರ ಛಾಯಾಚಿತ್ರಗಳನ್ನು ಕುರಿತು

ಜನಪದ ಕಲೆಗಳ ಅಧ್ಯಯನದಲ್ಲಿ ಛಾಯಾಚಿತ್ರವನ್ನು ನಾವು ಬಹುಕಾಲ ಆಧಾರವಾಗಿ ಬಳಸಿದ್ದೇವೆಯೇ ಹೊರತು ಪಠ್ಯವಾಗಿ ಓದಿದ್ದು ಕಡಿಮೆ. ಮೈಸೂರು ನಗರ ಹಾಗೂ ಅದರ ಸುತ್ತಲಿನ ಗ್ರಾಮಗಳಲ್ಲಿ ಎರಡು ಬಗೆಯ ಚಿತ್ರಗಳು ದೊರೆಯುತ್ತವೆ. ವಿಜಯದಶಮಿಯ ಜಂಬೂಸವಾರಿಯಲ್ಲಿ ಅರಮನೆಯಿಂದ ಬನ್ನಿಮಂಟಪದವರೆಗೆ ಸಾಗುವ ಕಲಾತಂಡಗಳ ಚಿತ್ರಗಳು ಒಂದು ಬಗೆಯವು. ಅದೇ ಕಲಾವಿದರ ಮನೆಯ ಗೋಡೆಯ ಮೇಲಿರುವ ಕುಟುಂಬದ ಚಿತ್ರಗಳು ಇನ್ನೊಂದು ಬಗೆಯವು. ಇವೆರಡನ್ನೂ ಒಟ್ಟಿಗಿಟ್ಟು ನೋಡುವುದು ಈ ಲೇಖನದ ಉದ್ದೇಶ.

ಎಡಗೈಯಲ್ಲಿ ಹಿಡಿದ ಬಟ್ಟಲಿನಂಥ ತಾಳಕ್ಕೆ, ಬಲಗೈಯ ದಾರದಲ್ಲಿ ತೂಗುವ ಚಪ್ಪಟೆ ತಾಳ ಬೀಸಿ ಬಂದು ಬಡಿಯುವ ಕ್ಷಣವೇ ಕ್ಯಾಮೆರಾಕ್ಕೆ ಪ್ರಿಯವಾದುದು. ಮೈ ಹಿಂದಕ್ಕೆ ಬಾಗಿರುತ್ತದೆ, ತಾಳ ಗಾಳಿಯಲ್ಲಿರುತ್ತದೆ. ಚಿತ್ರ ಚೆಲುವಾಗಿರುತ್ತದೆಂಬುದನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ಕಂಸಾಳೆಯೆಂದರೆ ಕುಣಿತವಷ್ಟೇ ಅಲ್ಲ. ಮಲೆಯ ಮಾದೇಶ್ವರನ ಗುಡ್ಡರಾಗಿ ಗುರುವಿನಿಂದ ದೀಕ್ಷೆ ಪಡೆದವರು ಕುಳಿತು ಹಾಡುವ ಕಾವ್ಯಕ್ಕೆ ಹಿಡಿಯುವ ತಾಳವೂ ಅದೇ. ಹಾಗೆ ಕುಳಿತು ಹಾಡುವ ಮುದುಕನ ಚಿತ್ರ ದಸರಾ ಸಂಚಿಕೆಗಳಲ್ಲಿ ನನಗೆ ಕಂಡದ್ದು ಅಪರೂಪ. ಅಡಿಬರಹವಾದರೂ ಏನಿರುತ್ತದೆ? ‘ಕಂಸಾಳೆ ಕಲಾವಿದ’. ಅಂಬಾರಿ ಹೊತ್ತ ಆನೆಗಳನ್ನು ನಾವು ಹೆಸರಿನಿಂದಲೇ ಬಲ್ಲೆವು: 1999ರಿಂದ 2011ರವರೆಗೆ ಬಲರಾಮ, ಅನಂತರ ಅರ್ಜುನ, 2020ರಿಂದ ಅಭಿಮನ್ಯು. ಆನೆಯ ಮುಂದೆ ಕುಣಿದವನ ಹೆಸರು ಮಾತ್ರ ಉಳಿಯುವುದಿಲ್ಲ.

ಈ ದೋಷದಲ್ಲಿ ನನ್ನದೂ ಪಾಲಿದೆ. ನನ್ನ ಸಂಶೋಧನ ಪ್ರಬಂಧದ ಒಂದು ಚಿತ್ರದ ಕೆಳಗೆ ‘ಬೀಸು ಕಂಸಾಳೆಯ ಒಂದು ಭಂಗಿ’ ಎಂದು ಬರೆದಿದ್ದೆ. ವರ್ಷಗಳ ಬಳಿಕ ಆ ಪ್ರಬಂಧವನ್ನು ನಂಜನಗೂಡು ತಾಲ್ಲೂಕಿನ ಆ ಕಲಾವಿದರ ಮನೆಗೆ ಒಯ್ದಾಗ ಅವರು ತೀರಿಕೊಂಡಿದ್ದರು. ಮಗ ಪುಟ ತಿರುವಿ ಕೇಳಿದ್ದು ಒಂದೇ ಮಾತು: “ಇದ್ರಲ್ಲಿ ನಮ್ಮಪ್ಪಾರ ಹೆಸ್ರು ಎಲ್ಲದೆ ಸಾ?”

ಅದೇ ಮನೆಯ ಗೋಡೆಯಲ್ಲಿ ನಗರದ ಸ್ಟುಡಿಯೋ ಒಂದರಲ್ಲಿ ತೆಗೆಸಿದ ಚಿತ್ರವಿತ್ತು. ಹಿಂದೆ ಉದ್ಯಾನವನ್ನು ಬಿಡಿಸಿದ ಪರದೆ. ಕುರ್ಚಿಯಲ್ಲಿ ಆತ, ಪಕ್ಕದಲ್ಲಿ ಹೆಂಡತಿ, ಮುಂದೆ ಮಕ್ಕಳು. ತೊಡೆಯ ಮೇಲೆ ಕಂಸಾಳೆ, ಹೆಗಲಿಗೆ ಜೋಳಿಗೆ, ಕೈಯಲ್ಲಿ ಬೆತ್ತ. ಕುಣಿತದ ಸುಳಿವೇ ಇಲ್ಲ. ತನ್ನನ್ನು ಏನೆಂದು ತೋರಿಸಿಕೊಳ್ಳಬೇಕೆಂಬುದನ್ನು ಇಲ್ಲಿ ನಿರ್ಧರಿಸಿದವನು ಕಲಾವಿದನೇ: ಆತ ಗುಡ್ಡ, ಜೊತೆಗೆ ಗೃಹಸ್ಥ. ಚಿತ್ರದ ಒಬ್ಬೊಬ್ಬರ ಮೇಲೂ ಬೆರಳಿಟ್ಟು ಮಗ ಹೇಳುತ್ತ ಹೋದಂತೆ, ಯಾರಿಗೆ ಯಾರು ದೀಕ್ಷೆ ಕೊಟ್ಟರು, ಯಾವ ಮಗ ಹಾಡು ಕಲಿತ, ಯಾವನು ಬಿಟ್ಟು ಕಾರ್ಖಾನೆ ಸೇರಿದ ಎಂಬುದೆಲ್ಲ ತೆರೆದುಕೊಂಡಿತು. ನನ್ನ ಪ್ರಶ್ನಾವಳಿಗೆ ದಕ್ಕದಿದ್ದ ಪರಂಪರೆಯ ವಿವರ ಆ ಗೋಡೆಯಲ್ಲಿತ್ತು.

ಕುಟುಂಬದ ಚಿತ್ರಗಳೆಲ್ಲ ನಿಜ, ಉತ್ಸವದ ಚಿತ್ರಗಳೆಲ್ಲ ಸುಳ್ಳು ಎಂದು ಇದರ ಅರ್ಥವಲ್ಲ. ಸ್ಟುಡಿಯೋದ ಪರದೆಯೂ ಒಂದು ವೇಷವೇ. ಮೈಸೂರಿನವರೇ ಆದ ಟಿ.ಎಸ್. ಸತ್ಯನ್ (1923–2009) ಸಾಮಾನ್ಯರ ದಿನನಿತ್ಯದ ಬದುಕನ್ನು ಚಿತ್ರಿಸಿ, ಉತ್ಸವಕ್ಕೂ ಸ್ಟುಡಿಯೋಕ್ಕೂ ಹೊರತಾದ ಮೂರನೆಯ ದಾರಿಯೊಂದನ್ನು ತೋರಿಸಿದ್ದರು. ಜನಪದ ಕ್ಷೇತ್ರದ ನಾವು ಆ ದಾರಿಯನ್ನು ಹೆಚ್ಚು ತುಳಿಯಲಿಲ್ಲ. ಇಂದು ಮೊಬೈಲ್‌ನಿಂದಾಗಿ ಚಿತ್ರಗಳ ಸಂಖ್ಯೆ ಬೆಳೆದಿದೆ, ಅಡಿಬರಹ ಬೆಳೆದಿಲ್ಲ.

ಮುಂದಿನ ಭೇಟಿಯಲ್ಲಿ ಹಳೆಯ ಕುಣಿತದ ಚಿತ್ರದ ಪ್ರತಿಯೊಂದನ್ನು ಮಗನಿಗೆ ಕೊಟ್ಟು, ಹಿಂಬದಿಯಲ್ಲಿ ಹೆಸರು ಬರೆಯಲು ಕೇಳಿದೆ. ಆತ ಮೊದಲು ಬರೆದದ್ದು ತಂದೆಯ ಗುರುವಿನ ಹೆಸರನ್ನು. ಅದರ ಕೆಳಗೆ ತಂದೆಯದನ್ನು.