‘ತ್ರೀ ಗಿನೀಸ್’ ಮತ್ತು ಸುಮ್ಮನಿರುವ ಹೆಂಗಸರು

ವರ್ಜೀನಿಯಾ ವುಲ್ಫ್ ಅವರ ‘ತ್ರೀ ಗಿನೀಸ್’ (1938) ಪುಸ್ತಕವನ್ನು ನಾನು ಓದಿ ಮುಗಿಸಿದ್ದು ಗುಂಡ್ಲುಪೇಟೆ-ಚಾಮರಾಜನಗರದ ಬಸ್ಸಿನಲ್ಲಿ. ಯುದ್ಧವನ್ನು ತಡೆಯುವುದು ಹೇಗೆಂದು ಕೇಳಿದ ಗಂಡಸೊಬ್ಬನಿಗೆ ಬರೆದ ಉತ್ತರದ ರೂಪ ಇದಕ್ಕಿದೆ. ವುಲ್ಫ್ ಒಂದು ಗಿನಿಯನ್ನು ಹೆಣ್ಣುಮಕ್ಕಳ ಕಾಲೇಜಿಗೆ, ಇನ್ನೊಂದನ್ನು ಅವರಿಗೆ ಉದ್ಯೋಗ ದೊರಕಿಸುವ ಸಂಘಕ್ಕೆ ಕೊಡುತ್ತಾರೆ. ಮೂರನೆಯದನ್ನು ಯುದ್ಧವಿರೋಧಿ ಸಂಘಕ್ಕೆ ಕೊಟ್ಟರೂ ಅದರ ಸದಸ್ಯೆಯಾಗಲು ಒಪ್ಪುವುದಿಲ್ಲ. ಹೆಂಗಸರು ಹೊರಗೇ ಉಳಿಯಬೇಕು. ಅಣ್ಣತಮ್ಮಂದಿರನ್ನು ಯುದ್ಧಕ್ಕೆ ಹುರಿದುಂಬಿಸಲೂ ಬಾರದು, ತಡೆಯಲೂ ಬಾರದು, ಉದಾಸೀನವಾಗಿರಬೇಕು ಎನ್ನುತ್ತಾರೆ.

ನನ್ನ ತಕರಾರು ಇರುವುದು ಈ ಉದಾಸೀನದ ಬಗ್ಗೆ. ತೆರಕಣಾಂಬಿಯಲ್ಲಿ ಬಸ್ಸು ಹತ್ತುವ ಕೂಲಿ ಹೆಂಗಸೊಬ್ಬಳ ಮಗನಿಗೆ ಸೈನ್ಯದಲ್ಲಿ ಕೆಲಸ ಸಿಕ್ಕರೆ ಮನೆಯ ಸಾಲ ತೀರುತ್ತದೆ. ಅವಳು ಉದಾಸೀನವಾಗಿರುವುದು ಹೇಗೆ? ತಾನು ಬರೆಯುತ್ತಿರುವುದು ವಿದ್ಯಾವಂತ ಗಂಡಸರ ಹೆಣ್ಣುಮಕ್ಕಳ ಬಗ್ಗೆ ಎಂದು ವುಲ್ಫ್ ಮುಚ್ಚುಮರೆಯಿಲ್ಲದೆ ಹೇಳುತ್ತಾರೆ, ನಿಜ. ಆದರೆ ಹಾಗೆ ಹೇಳಿಬಿಟ್ಟರೆ ಪ್ರಶ್ನೆ ತೀರುವುದಿಲ್ಲ.

ಇಷ್ಟಾದರೂ ಪುಸ್ತಕವನ್ನು ಬಿಡಲಾಗಲಿಲ್ಲ. ಅಕ್ಕನ ಮಗ ಜೂಲಿಯನ್ ಬೆಲ್ 1937ರಲ್ಲಿ ಸ್ಪೇನಿನ ಅಂತರ್ಯುದ್ಧದಲ್ಲಿ ಸತ್ತ ದುಃಖದ ನಡುವೆ ವುಲ್ಫ್ ಇದನ್ನು ಮುಗಿಸಿದ್ದರು. ಮನೆಯೊಳಗಿನ ಯಜಮಾನಿಕೆಯೂ ಸರ್ವಾಧಿಕಾರಿಯ ಯುದ್ಧವೂ ಬೇರೆ ಬೇರೆಯಲ್ಲ ಎಂಬುದು ಇಲ್ಲಿಯ ಮುಖ್ಯ ವಾದ. ಅದು ನಮ್ಮ ರಾಜ್ಯದಲ್ಲೇ ಬೀದಿಗಿಳಿದದ್ದನ್ನು ನಾನು ತಡವಾಗಿ ಗಮನಿಸಿದೆ. 1988ರಲ್ಲಿ ಜೆರುಸಲೇಮಿನಲ್ಲಿ ಇಸ್ರೇಲಿ ಹೆಂಗಸರು ಪ್ಯಾಲೆಸ್ಟೀನ್ ನೆಲದ ಆಕ್ರಮಣವನ್ನು ವಿರೋಧಿಸಿ ಕಪ್ಪುಡುಗೆ ತೊಟ್ಟು ಮೌನವಾಗಿ ನಿಲ್ಲತೊಡಗಿದರು. ‘ವಿಮೆನ್ ಇನ್ ಬ್ಲ್ಯಾಕ್’ ಎಂದು ಹೆಸರಾದ ಆ ಚಳವಳಿಯನ್ನು ಬೆಂಗಳೂರಿಗೆ ತಂದವರು 1979ರಲ್ಲಿ ಶುರುವಾದ ‘ವಿಮೋಚನಾ’ದ ಹೆಂಗಸರು. ಸ್ಟೌ ಸಿಡಿದು ಸತ್ತಳು ಎಂದು ದಾಖಲಾದ ಸೊಸೆಯಂದಿರ ಸಾವುಗಳ ಬೆನ್ನುಹತ್ತಿದವರೂ ಇವರೇ. ಅಡುಗೆಮನೆಯ ಸಾವಿಗೂ ದೂರದ ಯುದ್ಧಕ್ಕೂ ಒಂದೇ ಕಪ್ಪು ಸೀರೆ. ವುಲ್ಫ್ ವಾದಿಸಿದ್ದನ್ನು ಇವರು ನಿಂತು ತೋರಿಸಿದರು. ಉದಾಸೀನವನ್ನು ಮಾತ್ರ ಕೈಬಿಟ್ಟರು. ನನಗೆ ಇವರ ಓದೇ ಹೆಚ್ಚು ಸರಿ ಅನ್ನಿಸುತ್ತದೆ (ಇವರು ವುಲ್ಫ್‌ರನ್ನು ಓದಿದ್ದರೋ ಇಲ್ಲವೋ, ಅದು ಬೇರೆ ಮಾತು).

ಚಾಮರಾಜನಗರದಲ್ಲಿ ಎಂ.ಎ. ವಿದ್ಯಾರ್ಥಿಗಳ ಮುಂದೆ ಇದನ್ನೆಲ್ಲ ಉತ್ಸಾಹದಿಂದ ಹೇಳಿದೆ. ಗುಂಡ್ಲುಪೇಟೆ ಕಡೆಯ ಹುಡುಗಿಯೊಬ್ಬಳು ಕೇಳಿದಳು: “ಮೇಡಂ, ನಮ್ಮವ್ವನೂ ದಿನಾ ಸುಮ್ಕೇ ಇರ್ತಾಳೆ. ಅದೂ ಚಳವಳಿನಾ?”

ಆಯ್ದುಕೊಂಡ ಮೌನ ಬೇರೆ, ಹೇರಿದ ಮೌನ ಬೇರೆ ಎಂದು ಪುಸ್ತಕದ ಉತ್ತರ ಕೊಟ್ಟೆ. ಅವಳು ಬರೆದುಕೊಂಡಳು. ನನ್ನ ಪ್ರಬಂಧದ ಮೂರನೆಯ ಅಧ್ಯಾಯದಲ್ಲಿ ಇದ್ದ ಅದೇ ವಾಕ್ಯವನ್ನು ಆ ಸಂಜೆ ಹೊಡೆದುಹಾಕಿದೆ. ಆ ಜಾಗ ಇನ್ನೂ ಖಾಲಿ ಇದೆ.