ಬಿಂದುಗಳ ನಡುವೆ ಏನಿದೆ?

ಅನಂತಪುರ ಜಿಲ್ಲೆಯ ರಾಯದುರ್ಗ ಮತ್ತು 2022ರಲ್ಲಿ ಆ ಜಿಲ್ಲೆಯಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದ ಮಡಕಶಿರಗಳ ಕನ್ನಡ ಮಾಧ್ಯಮದ ಮಕ್ಕಳು, ಗಡಿಯಾಚೆಯ ಪಾವಗಡ, ಮೊಳಕಾಲ್ಮೂರುಗಳ ಮಕ್ಕಳಂತೆಯೇ, ಸಮೀಕರಣವನ್ನು ನಕ್ಷೆಗೆ ಇಳಿಸಲು ಕಲಿಯುವುದು ಬೆಲೆಗಳ ಕೋಷ್ಟಕದ ಮೂಲಕ. ಅಂದರೆ ಎಕ್ಸ್‌ಗೆ ಕೆಲವು ಬೆಲೆ ಕೊಟ್ಟು, ಪ್ರತಿಯೊಂದಕ್ಕೂ ವೈ ಎಷ್ಟೆಂದು ಲೆಕ್ಕ ಹಾಕಿ, ಆ ಜೋಡಿಗಳನ್ನು ಗ್ರಾಫ್ ಹಾಳೆಯಲ್ಲಿ ಬಿಂದುಗಳಾಗಿ ಗುರುತಿಸಿ ಸೇರಿಸುವ ಕ್ರಮದಿಂದ.

ರೇಖಾತ್ಮಕ ಸಮೀಕರಣದ ಮಟ್ಟಿಗೆ ಈ ಕ್ರಮ ನಿರ್ದುಷ್ಟವಾದುದು. ಎರಡು ಬಿಂದುಗಳಿಂದ ಸರಳರೇಖೆ ನಿಶ್ಚಿತವಾಗುತ್ತದೆ, ಮೂರನೆಯದು ಲೆಕ್ಕವನ್ನು ತಾಳೆ ನೋಡುತ್ತದೆ.

ತೊಡಕು ಆರಂಭವಾಗುವುದು ವರ್ಗ ಬಹುಪದೋಕ್ತಿಯಲ್ಲಿ. ಎನ್‌ಸಿಇಆರ್‌ಟಿಯ ಹತ್ತನೆಯ ತರಗತಿಯ ಪುಸ್ತಕ ವೈ = ಎಕ್ಸ್² − 3ಎಕ್ಸ್ − 4 ಎಂಬುದಕ್ಕೆ −2ರಿಂದ 5ರವರೆಗೆ ಕೊಡುವ ಕೋಷ್ಟಕದಲ್ಲಿ ವೈ ಬೆಲೆಗಳು ಕ್ರಮವಾಗಿ 6, 0, −4, −6, −6, −4, 0, 6. ಎಕ್ಸ್ 1 ಮತ್ತು 2 ಆದಾಗ ವೈ ಒಂದೇ ಆಗಿರುವುದರಿಂದ, ಆ ಎರಡು ಬಿಂದುಗಳನ್ನು ಅಡ್ಡಗೆರೆಯಿಂದ ಸೇರಿಸಿ ಪರವಲಯದ ತಳವನ್ನು ಚಪ್ಪಟೆ ಮಾಡುವ ವಿದ್ಯಾರ್ಥಿಯನ್ನು ಕೋಷ್ಟಕ ತಡೆಯುವುದಿಲ್ಲ. ವಕ್ರರೇಖೆ ತಿರುಗುವ ಬಿಂದುವಾದ ಶೃಂಗವು ಎಕ್ಸ್ 1.5 ಆದಾಗ −6.25ರಲ್ಲಿದ್ದು, ಪೂರ್ಣಾಂಕಗಳ ಆ ಸಾಲಿನಿಂದ ಹೊರಗೇ ಉಳಿದಿದೆ. ಆದರೆ ಅದೇ ಸಾಲನ್ನು ಓದಲು ಕಲಿತವರಿಗೆ ಎಲ್ಲವೂ ಅಲ್ಲಿಯೇ ಸಿಗುತ್ತದೆ: ಬೆಲೆಗಳು ಎರಡೂ ಕಡೆಯಿಂದ ಒಂದೇ ಆಗಿರುವುದು ಸಮಮಿತಿಯನ್ನು, ಅಕ್ಕಪಕ್ಕದ ಬೆಲೆಗಳ ವ್ಯತ್ಯಾಸ −6, −4, −2, 0, 2, 4, 6 ಎಂದು ಎರಡೆರಡಾಗಿ ಏರುವುದು ವರ್ಗಪದದ ಇರವನ್ನು ತೋರಿಸುತ್ತದೆ. ಈ ಓದನ್ನು ಬಿಟ್ಟು ಬಿಂದುಗಳನ್ನು ಮಾತ್ರ ಸೇರಿಸುವುದು ಬೀಜಗಣಿತವನ್ನು ಕೈಚಳಕಕ್ಕೆ ಇಳಿಸುತ್ತದೆ.

ಕೋಷ್ಟಕ ತನ್ನಷ್ಟಕ್ಕೆ ಪ್ರಮಾಣವಾಗದು ಎಂಬುದಕ್ಕೆ ವೈ = ಎಕ್ಸ್ ಮತ್ತು ವೈ = ಎಕ್ಸ್³ ಸಾಕ್ಷಿ; −1, 0, 1 ಎಂಬ ಬೆಲೆಗಳಿಗೆ ಎರಡೂ ಒಂದೇ ಉತ್ತರ ಕೊಡುತ್ತವೆ. ವೈ = 1/ಎಕ್ಸ್‌ನಲ್ಲಿ ಎಕ್ಸ್ ಸೊನ್ನೆಯಾದಾಗ ವೈಗೆ ಬೆಲೆಯೇ ಇಲ್ಲದಿರುವುದರಿಂದ, ಆಚೀಚೆಯ ಬಿಂದುಗಳನ್ನು ಸೇರಿಸಿ ಎಳೆದ ಗೆರೆ ಶುದ್ಧ ತಪ್ಪು.

ಸೇರಿಸಬೇಕೇ ಎಂಬ ಪ್ರಶ್ನೆ ಊರಿನ ಉದಾಹರಣೆಯಲ್ಲೂ ಏಳುತ್ತದೆ. ರಾಯದುರ್ಗದ ಜೀನ್ಸ್ ಹೊಲಿಗೆಯಲ್ಲಿ ಪ್ಯಾಂಟಿಗಿಷ್ಟೆಂದು ಕೂಲಿ ಗೊತ್ತುಮಾಡಿದರೆ ನಕ್ಷೆಯಲ್ಲಿ ಬಿಡಿ ಬಿಂದುಗಳಷ್ಟೇ ಸರಿ, ಏಕೆಂದರೆ ಅರ್ಧ ಪ್ಯಾಂಟಿಗೆ ಕೂಲಿಯಿಲ್ಲ. ತೂಗಿ ಮಾರುವ ಶೇಂಗಾದ ಬೆಲೆಗೆ ಮಾತ್ರ ಅಖಂಡ ಗೆರೆ ಒಪ್ಪುತ್ತದೆ.

ಆದುದರಿಂದ ಶಿಕ್ಷಕರು ಕೋಷ್ಟಕವನ್ನು ಕೈಬಿಡಬೇಕಾಗಿಲ್ಲ. ಗೆರೆ ಎಳೆಯುವ ಮೊದಲು 1.5ರಂಥ ಇನ್ನೊಂದು ಬೆಲೆಯನ್ನು ಸೇರಿಸಿ, ಬಿಂದುಗಳನ್ನು ಹೀಗೆಯೇ ಏಕೆ ಸೇರಿಸಬೇಕೆಂಬುದನ್ನು ಒಂದು ವಾಕ್ಯದಲ್ಲಿ ಬರೆಯಿಸಲಿ.